ಡೀಸೆಂಟ್ ಫ್ಯಾಮಿಲಿಗೆ ಮಾತ್ರ

ಹೋದ ವಾರ ಸಿಂಗಸಂದ್ರದ ಹಳೆಯ ಬೀದಿಯಲ್ಲಿ ನೀರಿನ ಟ್ಯಾಂಕರೊಂದು ಅಡ್ಡ ನಿಂತು ನಮ್ಮ ಆಟೊ ಮುಂದೆ ಹೋಗದಾಯಿತು. ಪಕ್ಕದ ಗೇಟಿಗೆ ತಂತಿಯಲ್ಲಿ ಬಿಗಿದ ತಗಡಿನ ಬೋರ್ಡೊಂದು ಕಣ್ಣಿಗೆ ಬಿತ್ತು. ‘ಮನೆ ಬಾಡಿಗೆಗಿದೆ. ಡೀಸೆಂಟ್ ಫ್ಯಾಮಿಲಿಗೆ ಮಾತ್ರ.’ ಆ ಗೇಟು ನಾವಿದ್ದ ಮನೆಯದಲ್ಲ. ಆದರೂ ಓದಿದ ಕೂಡಲೇ ನಮ್ಮ ಓನರ್ ಆಂಟಿಯ ದನಿ ಕಿವಿಯಲ್ಲಿ ಕೇಳಿಸಿತು. ಬೆಳ್ಳಿಯ ಕೀಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಹಡಿ ಮೆಟ್ಟಿಲ ಮೇಲೆ ನಿಂತು ಹೇಳುತ್ತಿದ್ದ ಆ ಒಂದು ಮಾತು...

ನಮ್ಮ ಯಜಮಾನರಿಗೆ ಎಲೆಕ್ಟ್ರಾನಿಕ್ ಸಿಟಿಗೆ ವರ್ಗವಾಗಿ ದಾವಣಗೆರೆಯಿಂದ ಬಂದು, ಅವರ ಕಟ್ಟಡದ ನೆಲಮಹಡಿಯ ಮನೆಗೆ ಸೇರಿದ್ದೆವು. ಮೊದಲ ದಿನ ಪ್ಲಾಸ್ಟಿಕ್ ಕವರು ತೆಗೆಯದ ಸೋಫಾದ ಮೇಲೆ ನಮ್ಮನ್ನು ಕೂರಿಸಿ, “ನೋಡಮ್ಮ, ನಮ್ದು ಡೀಸೆಂಟ್ ಬಿಲ್ಡಿಂಗು,” ಎಂದರು. ಚೊಕ್ಕಟವಾಗಿದೆ ಎನ್ನುತ್ತಿದ್ದಾರೆ ಎಂದುಕೊಂಡು ನಾನು ತಲೆಯಾಡಿಸಿದೆ. ಆಮೇಲೆ ನಮ್ಮ ಜಾತಿ ಕೇಳಿದರು, ಮಾಂಸ ತಿನ್ನುವುದಿಲ್ಲವಷ್ಟೆ ಎಂದು ಎರಡು ಸಲ ಕೇಳಿದರು. ಇಲ್ಲವೆಂದಾಗ, “ಡೀಸೆಂಟ್,” ಎಂದು ಕಣ್ಣು ಮುಚ್ಚಿ ತೆರೆದರು. ಭಾನುವಾರ ಹನ್ನೊಂದಕ್ಕೆಲ್ಲ ಅವರ ಅಡುಗೆಮನೆಯಿಂದಲೇ ಮಟನ್ ಸಾರಿನ ಘಮ ಇಡೀ ಕಟ್ಟಡಕ್ಕೆ ಇಳಿಯುತ್ತಿತ್ತು. ಅದು ಓನರ್ ಮನೆಯ ಘಮ, ಅದಕ್ಕೆ ದೋಷವಿಲ್ಲ.

ಆ ಪದವನ್ನು ನಾನು ಶಾಲೆಯಲ್ಲಿ ಕಲಿತದ್ದು ಒಂದು ಅರ್ಥಕ್ಕೆ, ಆಂಟಿಯ ಹತ್ತಿರ ಕಲಿತದ್ದು ಲೆಕ್ಕವಿಲ್ಲದಷ್ಟಕ್ಕೆ. ರಾತ್ರಿ ಪಾಳಿಯ ನರ್ಸ್ ಹುಡುಗಿ ಮನೆ ಕೇಳಿಕೊಂಡು ಬಂದರೆ ಡೀಸೆಂಟ್ ಅಲ್ಲ. ಅವರ ಮಗಳನ್ನು ನೋಡಲು ಬಂದ ಹುಡುಗನಿಗೆ ಎರಡು ಸೈಟಿದ್ದರೆ ಬಹಳ ಡೀಸೆಂಟು. ರಿಸೆಪ್ಷನ್ನಿಗೆ ತಂದ ಸೀರೆ ಡೀಸೆಂಟು ಎಂದರೆ ಅದರ ಬೆಲೆ ಕೇಳಿ ಎಂದು ಅರ್ಥ. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದರೆ, “ಡೀಸೆಂಟಾಗಿ ಮಾತಾಡಿ.” ನನ್ನ ತಂಗಿ ಬಂದು ನಾಲ್ಕು ದಿನ ಉಳಿದಾಗ, “ಇನ್ನೂ ಇದ್ದಾರಾ? ಡೀಸೆಂಟಾಗಿ ಕೇಳ್ತಿದೀನಿ, ತಪ್ಪು ತಿಳ್ಕೋಬೇಡಿ.” ಮನೆಗೆಲಸದವಳಿಗೂ ಅವರು ಇಷ್ಟು ಕೆಲಸ ಕೊಟ್ಟಿರಲಿಲ್ಲ, ಆ ಪದಕ್ಕೆ ಕೊಟ್ಟಿದ್ದರು.

ಹಾಗೆಂದು ಆಂಟಿ ದೊಡ್ಡ ಊರಲ್ಲಿ ಹುಟ್ಟಿ ಬೆಳೆದವರೇನಲ್ಲ. ಅವರ ಮಾವ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಆ ನಾಲ್ಕಂತಸ್ತು ಎದ್ದಿತ್ತು. ಎದುರಿಗೆ ಶೀಟು ಹೊದಿಸಿದ ಕೊಟ್ಟಿಗೆಯಲ್ಲಿ ಹಸು ಕಟ್ಟಿಕೊಂಡಿದ್ದ ಹಾಲಿನ ತಾತ ಅವರಿಗೆ ಸಂಬಂಧದಲ್ಲಿ ಮಾವನೇ ಆಗಬೇಕು. ಆಂಟಿ ಮಾತ್ರ ಆ ಕಡೆ ಮುಖ ತಿರುಗಿಸುತ್ತಿರಲಿಲ್ಲ. ಸಗಣಿ ವಾಸನೆ ಡೀಸೆಂಟ್ ಏರಿಯಾಕ್ಕೆ ಹೊಂದುವುದಿಲ್ಲವಂತೆ.

ನಮ್ಮ ಮೇಲಿನ ಮನೆಯಲ್ಲಿ ಹಾವೇರಿ ಕಡೆಯ ಸಂಸಾರವಿತ್ತು. ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ಮಗ, ಸೊಸೆ, ಜೊತೆಗೆ ಅವನ ತಾಯಿ. ಅಜ್ಜಿ ಬೆಳಿಗ್ಗೆ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿಯೊಡನೆ ಮೆಟ್ಟಿಲ ಮೇಲೆ ಕೂತು ಸೊಪ್ಪು ಸೋಸುತ್ತಿದ್ದರು. ನಾನು ಕಂಡರೆ, “ಏ ತಂಗಿ, ಒಣಾ ಅನ್ನ ಉಣಬ್ಯಾಡ, ರೊಟ್ಟಿ ಕೊಡತೀನಿ ಬಾ,” ಎಂದು ಕೂಗುತ್ತಿದ್ದರು. ಜ್ವರವೆಂದು ಆಸ್ಪತ್ರೆಗೆ ಹೋದವರು ಒಂದು ಬೆಳಿಗ್ಗೆ ಅಲ್ಲೇ ತೀರಿಕೊಂಡರು.

ಮಣ್ಣು ಮಾಡುವುದು ಊರಿನಲ್ಲೇ. ಆದರೆ ಹೊರಡುವ ಮೊದಲು ಒಮ್ಮೆ ಮನೆಗೆ ತಂದು, ಮೈ ತೊಳೆದು, ವಿಭೂತಿ ಹಚ್ಚಿ, ಅವರದೇ ಸೀರೆ ಉಡಿಸಬೇಕೆಂದು ಸೊಸೆಯ ಹಟ. ಆಸ್ಪತ್ರೆಯ ಬಟ್ಟೆಯಲ್ಲಿ ಅತ್ತೆಯನ್ನು ಊರ ಮುಂದೆ ಹೇಗೆ ಇಳಿಸುವುದು ಎಂದು ಅವಳು ಫೋನಿನಲ್ಲಿ ಅಳುತ್ತಿದ್ದಳು. ಮಗ ಮುಂಚಿತವಾಗಿ ಬೈಕಿನಲ್ಲಿ ಬಂದ. ಅಷ್ಟರಲ್ಲಿ ಆಂಟಿ ಗೇಟಿಗೆ ಬೀಗ ಹಾಕಿ, ಒಳಗೆ ನಿಂತಿದ್ದರು.

“ಬಾಡಿ ಒಳಗೆ ತರ್ಬೇಡಿ ಕಣಪ್ಪ. ಸಾಯಂಕಾಲ ಮೂರನೇ ಫ್ಲೋರ್ ನೋಡೋಕೆ ಪಾರ್ಟಿ ಬರ್ತಾರೆ. ಡೀಸೆಂಟ್ ಜನ. ಸಾವಾದ ಮನೆ ಅಂದ್ರೆ ಯಾರು ಬರ್ತಾರೆ ಹೇಳು.”

“ಆಂಟೀ, ಅರ್ಧ ತಾಸ ರೀ. ಮನೀ ಹೊಸ್ತಿಲಾ ದಾಟಿ ಹೋಗ್ಲಿ ಅವ್ವ. ಇಲ್ಲೇ ಇದ್ದಾಕಿ ಅಲ್ರೀ...”

“ಬಾಡಿಗೆ ಮನೇಲಿ ಅದೆಲ್ಲ ಯಾರೂ ಬಿಡಲ್ಲ. ನೀನೂ ಓದಿದೋನು. ಡೀಸೆಂಟಾಗಿ ಆಸ್ಪತ್ರೇಲೇ ಎಲ್ಲಾ ಮುಗಿಸ್ಕೊಂಡು ಹೊರಟುಬಿಡಿ.”

ಅವನು ಜಗಳದವನಲ್ಲ. ಗೇಟಿನ ಸರಳು ಹಿಡಿದುಕೊಂಡು ನಿಂತ. ನಾನೂ ನಮ್ಮ ಯಜಮಾನರೂ ಹೇಳಿ ನೋಡಿದೆವು, ಆಂಟಿ ನಮ್ಮ ಮುಖವನ್ನೇ ನೋಡಲಿಲ್ಲ. ಅಷ್ಟರಲ್ಲಿ ಆ್ಯಂಬುಲೆನ್ಸ್ ಬಂದು ರಸ್ತೆಯಲ್ಲೇ ನಿಂತಿತು.

ಎದುರಿನಿಂದ ಹಾಲಿನ ತಾತ ಎದ್ದು ಬಂದ. ಹಾಲಿಗೆ ನೀರು ಬೆರೆಸುವುದರಲ್ಲಿ ಅವನಿಗೆ ಸಮನಿರಲಿಲ್ಲ, ಆ ಮಾತು ಬೇರೆ.

“ಇಂಗೆ ತಂದು ಮಡಗ್ರಪ್ಪ. ದನಾನ ಆಚೆಗೆ ಕಟ್ತೀನಿ,” ಎಂದು, ಗೇಟಿನತ್ತ ತಿರುಗಿದ. “ಏನವ್ವಾ ಅದು ಡೀಸೆಂಟು? ನಿಮ್ಮತ್ತೆ ಸತ್ತಾಗ ನೀನು ನಿಂತಿರೋ ಜಾಗದಾಗೇ ಅಲ್ವಾ ಕೂರ್ಸಿದ್ದು? ಅವತ್ತು ಎಲ್ಲೋಗಿತ್ತು?”

“ನೀನ್ ಸುಮ್ಕಿರು ಮಾವ, ಅದು ನಮ್ಮನೆ ಸಾವು,” ಎಂದರು ಆಂಟಿ. ಅವರ ಬಾಯಲ್ಲಿ ನಾನು ಊರ ಮಾತು ಕೇಳಿದ್ದು ಅದೇ ಮೊದಲು.

ಕೊಟ್ಟಿಗೆಯ ಮುಂದೆ ಬೆಂಚು ಹಾಕಿ ಅಜ್ಜಿಯನ್ನು ಇಳಿಸಿದರು. ಸುತ್ತ ನಾಲ್ಕು ಸೀರೆ ಮರೆ ಕಟ್ಟಿದೆವು. ನಾನು ಗೀಸರ್‌ನ ಬಿಸಿನೀರು ಬಕೆಟ್ಟಿಗೆ ತುಂಬಿ ಹೊತ್ತು ಬಂದರೆ, ಗೇಟಿನ ಬೀಗ ತೆಗೆಯುತ್ತ ಆಂಟಿ ಗೊಣಗಿದರು: “ಸಂಪಿನ ನೀರು ಹಿಂಗೆ ಆಚೆ ಸಾಗಿಸ್ತಾ ಹೋದ್ರೆ...”

“ಇವತ್ತು ನಮ್ಮನೇಲಿ ಯಾರೂ ಸ್ನಾನ ಮಾಡಲ್ಲ ಅಂದ್ಕೊಳ್ರಿ ಆಂಟಿ,” ಎಂದೆ.

ಮೈ ತೊಳೆದ ಮೇಲೆ ಅಜ್ಜಿಯ ಹಸಿರು ಇಳಕಲ್ ಸೀರೆ ಉಡಿಸಿದೆವು. ಸೊಸೆ ವಿಭೂತಿ ಹಚ್ಚಿದಳು. ಮಗ ಒಂದೇ ಸಲ ತಲೆಯೆತ್ತಿ, ಎದುರಿನ ಮೊದಲ ಮಹಡಿಯ ಬಾಗಿಲನ್ನು ನೋಡಿದ. ಬೀಗ ಹಾಕಿತ್ತು, ಹೊರಗೆ ಅಜ್ಜಿಯ ಚಪ್ಪಲಿ ಹಾಗೇ ಇದ್ದವು.

ಆ್ಯಂಬುಲೆನ್ಸ್ ಹೊರಟ ಮೇಲೆ ಆಂಟಿ ತಾವೇ ಫಿನಾಯಿಲ್ ಹಿಡಿದು ಗೇಟು ತೊಳೆದರು. ಅವತ್ತು ಅಜ್ಜಿ ಆ ಗೇಟನ್ನು ಮುಟ್ಟಿರಲೇ ಇಲ್ಲ. ಸಂಜೆ ಬಂದ ಪಾರ್ಟಿ ರಸ್ತೆಯ ಮೇಲೆ ಚೆಲ್ಲಿದ್ದ ಹೂ ನೋಡಿ ಏನೆಂದು ಕೇಳಿದ್ದಕ್ಕೆ ಆಂಟಿ, ನಾನು ಅಲ್ಲೇ ಹಗ್ಗದಿಂದ ಒಣಗಿದ ಬಟ್ಟೆ ತೆಗೆಯುತ್ತಿರುವಾಗಲೇ, “ಎದುರುಗಡೆ ಹಸು ಕಟ್ಟೋರ ಮನೇಲಿ ಯಾರೋ ಹೋಗ್ಬಿಟ್ರಂತೆ,” ಎಂದರು. ಸುಳ್ಳು ಹೇಳುವಾಗ ದನಿ ಕೂಡ ಅಲುಗಲಿಲ್ಲ. ಕೋಪ ಬರುವ ಜಾಗದಲ್ಲಿ ನನಗೆ ಹೇಸಿಗೆ ಬಂತು. ಇವರಿಗೆ ಹೆದರಿ ತಂಗಿಯನ್ನು ಬೇಗ ಊರಿಗೆ ಕಳಿಸಿದ್ದೆನಲ್ಲ ಎಂದು ನಗುವೂ ಬಂತು.

ಊರಿಂದ ಮರಳಿದ ಮೇಲೆ ಆ ಸಂಸಾರ ಹೆಚ್ಚು ದಿನ ನಿಲ್ಲಲಿಲ್ಲ. ಸಾಮಾನಿನ ಟೆಂಪೊ ಬೀದಿ ತಿರುಗಿದ ಮೇಲೆ ಆಂಟಿ ನನ್ನ ಪಕ್ಕ ಬಂದು, “ಪಾಪ, ಡೀಸೆಂಟ್ ಜನ. ಒಂದು ಗಲಾಟೆ ಮಾಡ್ಲಿಲ್ಲ,” ಎಂದರು. ಎದೆಗೆ ಒದ್ದರೂ ತಿರುಗಿ ಮಾತಾಡದವರಿಗೂ ಅದೇ ಪದ. ಅದಕ್ಕಿಂತ ಕೆಳಗಿನ ಅರ್ಥ ಅದಕ್ಕಿಲ್ಲವೆಂದು ಅವತ್ತು ಗೊತ್ತಾಯಿತು. ವರ್ಷ ತುಂಬುವುದರೊಳಗೆ ನಾವೂ ಬಿಟ್ಟೆವು.

ಆಂಟಿ ಹೋಗಿ ಈಗ ಒಂದೆರಡು ವರ್ಷವಾಗಿರಬೇಕು. ಮನೆಯ ನಡುಮನೆಯಲ್ಲೇ ಮಲಗಿಸಿದ್ದರಂತೆ, ಊರಿಗೆ ಊರೇ ಬಂದಿತ್ತಂತೆ. ಹಾಗೇ ಆಗಬೇಕು, ಮನುಷ್ಯರು ಎಂಥವರೇ ಇರಲಿ. ಸುದ್ದಿ ಬಂತು, ನಾನು ಹೋಗಲಿಲ್ಲ. ಅಜ್ಜಿಯ ಮಗನ ನಂಬರಿಗೆ ಯಾವಾಗಾದರೂ ಫೋನ್ ಮಾಡಿದರೆ ಅದು ಹತ್ತುವುದಿಲ್ಲ. ಆ ಸೊಸೆಯ ಜೊತೆ ಕೂತು ಅಜ್ಜಿಯ ಬಗ್ಗೆ ಒಮ್ಮೆ ಮಾತಾಡಬೇಕಿತ್ತು... ಅದು ಇನ್ನು ಆಗುವ ಹಾಗೆ ಕಾಣುವುದಿಲ್ಲ.

ಟ್ಯಾಂಕರು ಸರಿದು ಆಟೊ ಹೊರಟಿತು. ಅವತ್ತು ನಾವು ಹೊರಟಿದ್ದು ಸರ್ಜಾಪುರದ ಕಡೆ ಒಂದು ಫ್ಲ್ಯಾಟ್ ನೋಡಲು. ಈಗ ನಮ್ಮ ಮನೆಯಲ್ಲೂ ವಯಸ್ಸಾದ ಅತ್ತೆ ಇದ್ದಾರೆ. ತೋರಿಸುವ ಹುಡುಗ ಜಿಮ್ಮು, ಪಾರ್ಕು, ಕ್ಲಬ್‌ಹೌಸ್ ಎಲ್ಲ ಹೇಳಿ ಮುಗಿಸಿ, “ಏನಾದ್ರೂ ಡೌಟ್ ಇದ್ರೆ ಕೇಳಿ ಮೇಡಂ,” ಎಂದ.

“ಯಾರಾದ್ರೂ ಆಸ್ಪತ್ರೇಲಿ ತೀರ್ಕೊಂಡ್ರೆ, ಮನೆಗೆ ತರೋಕೆ ಬಿಡ್ತೀರಾ?” ಎಂದೆ.

ಯಜಮಾನರು ನನ್ನ ತೋಳು ಜಗ್ಗಿದರು. ಹುಡುಗ ನಕ್ಕು, ಅದೆಲ್ಲ ಈಗ್ಯಾಕೆ ಮೇಡಂ, ಬನ್ನಿ ಸ್ವಿಮ್ಮಿಂಗ್ ಪೂಲ್ ತೋರಿಸ್ತೀನಿ ಎಂದು ಮುಂದೆ ನಡೆದ. ನಾನು ಹೋಗಲಿಲ್ಲ. ಮ್ಯಾನೇಜರನ್ನು ಕೇಳಿಕೊಂಡು ಬಾ ಎಂದು ಅವನನ್ನು ಕಳಿಸಿ, ಲಿಫ್ಟಿನ ಮುಂದೆಯೇ ನಿಂತೆ.