ವಡೆಗೆ ಹಾಕಿದ ಇಂಗು

ಬಹಳ ವರ್ಷಗಳ ಹಿಂದೆ, ಸಂಕ್ರಾಂತಿಯಾದ ಮರುತಿಂಗಳು, ಹೈದರಾಬಾದಿನ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಎದುರು ಮನೆಯ ಆರು ವರ್ಷದ ನಿತ್ಯಾಳ ಕಾಯಿಲೆ ಮರುಕಳಿಸಿತು. ಕಾರಣ ನಾನು ಮಾಡಿಕೊಟ್ಟ ಬಾರೆಹಣ್ಣಿನ ವಡೆ. ಅಪವಾದ ಹೊತ್ತು ಮನೆ ಬಿಟ್ಟವರು ಅವಳ ಅಜ್ಜಿ ಶಿವಮ್ಮ. ಅವರು ಹೋಗುವ ಮೊದಲೇ ನನಗೆ ನಿಜ ಗೊತ್ತಾಗಿತ್ತು. ಹೇಳಲಿಲ್ಲ.

ಮೆಟ್ರೊ ಇನ್ನೂ ಬಂದಿರದ ಕಾಲ. ಮಾಧಾಪುರದ ಕಡೆ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದವು. ನಿತ್ಯಾಳ ತಾಯಿ ಸವಿತಾ ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಳು. ನಾನು ಹಿಮಾಯತ್‌ನಗರದ ಒಂದು ಪತ್ರಿಕೆಯಲ್ಲಿ ಉಪಸಂಪಾದಕಿ. ಬೇರೆಯವರು ಮಾಡಿದ ತಪ್ಪಿಗೆ ತಿದ್ದುಪಡಿ ಬರೆಯುವುದೂ ನನ್ನ ಕೆಲಸವಾಗಿತ್ತು.

ನಿತ್ಯಾಳಿಗೆ ಗೋಧಿಯಲ್ಲಿರುವ ಗ್ಲುಟೆನ್ ಆಗುತ್ತಿರಲಿಲ್ಲ. ತುಸು ಒಳಗೆ ಹೋದರೂ ಹೊಟ್ಟೆನೋವು, ಭೇದಿ. ಬಿಸ್ಕತ್ತು, ಬ್ರೆಡ್ಡು, ಸ್ನೇಹಿತರ ಹುಟ್ಟುಹಬ್ಬದ ಕೇಕು — ಯಾವುದೂ ಇಲ್ಲ. ಶಿವಮ್ಮ ಬೀದರ್ ಕಡೆಯಿಂದ ಬಂದದ್ದೇ ಮೊಮ್ಮಗಳಿಗೆ ದಿನವೂ ಜೋಳದ ರೊಟ್ಟಿ ಬಡಿಯಲು. ಮಗನ ಡಬ್ಬಿಗೆ ಚಪಾತಿಯನ್ನೂ ಅವರೇ ಮಾಡುತ್ತಿದ್ದರು. ಅದಕ್ಕೆ ಬೇರೆ ಮಣೆ, ಬೇರೆ ಹಂಚು. ಒಮ್ಮೆ ನಗುತ್ತ ಅಂದಿದ್ದರು, “ಒಂದ್ ತುತ್ತು ಚಪಾತಿ ತಿಂದ್ರ ಪೊಲೀಸ್ರು ಬರ್ತಾರೇನು?” ಎಲ್ಲರೂ ನಕ್ಕಿದ್ದೆವು. ಸವಿತಾ ನಕ್ಕಿರಲಿಲ್ಲ.

ಭೋಗಿಯ ದಿನ ಇಲ್ಲಿ ಮಕ್ಕಳ ತಲೆಯ ಮೇಲೆ ಬಾರೆಹಣ್ಣು ಸುರಿಯುತ್ತಾರೆ. ಆ ವರ್ಷ ಕೆಳಗಿನ ಸಭಾಂಗಣದಲ್ಲಿ ಸುರಿದು ಮಿಕ್ಕ ಹಣ್ಣು ಬುಟ್ಟಿ ತುಂಬ ಇತ್ತು. ಮನೆಗೆ ತಂದು ಬೀಜ ತೆಗೆದು, ಬೆಲ್ಲ, ಉಪ್ಪು, ಜೀರಿಗೆ, ಸ್ವಲ್ಪ ಖಾರ ಹಾಕಿ ಕುಟ್ಟಿದೆ. ಇಂಗನ್ನು ಧಾರಾಳವಾಗಿಯೇ ಹಾಕಿದೆ. ವಡೆ ತಟ್ಟಿ ತಾರಸಿಯ ಬಿಸಿಲಿಗೆ ಇಟ್ಟೆ. ಹಿಟ್ಟಿನ ಸುಳಿವೇ ಇಲ್ಲದ ತಿಂಡಿ, ಮಗು ನಿಶ್ಚಿಂತೆಯಾಗಿ ತಿನ್ನಬಹುದು — ಹಾಗಂದುಕೊಂಡಿದ್ದೆ. ಏನೇನು ಹಾಕಿದಿರಿ ಎಂದು ಸವಿತಾ ಒಂದೊಂದಾಗಿ ಕೇಳಿದಳು. ಇಂಗು ಎಂದಾಗ ಅವಳಿಗೂ ಅನುಮಾನ ಬರಲಿಲ್ಲ.

“ನಿಮ್ಮ ಕೈಯಾಗಿಂದು ಅಂದ್ರ ನಾ ಕಣ್ಣು ಮುಚ್ಚಿ ಕೊಡ್ತೀನ್ರಿ ಅಕ್ಕಾ,” ಎಂದಳು.

ಆ ಮಾತು ನನಗೆ ಬಹಳ ಹಿತವಾಗಿತ್ತು. ನನಗೆ ಮಕ್ಕಳಿಲ್ಲ — ಇದನ್ನು ಸಮರ್ಥನೆಯಾಗಿ ಹೇಳುತ್ತಿಲ್ಲ, ಇದ್ದ ಸಂಗತಿ ಅಷ್ಟೆ.

ನಿತ್ಯಾ ದಿನವೂ ಶಾಲೆಯಿಂದ ಬಂದವಳೇ ನಮ್ಮ ಬಾಗಿಲಿಗೆ ಬಂದು ವಡೆ ಇಸಿದುಕೊಳ್ಳುತ್ತಿದ್ದಳು. ಕೆಲವು ವಾರಗಳಲ್ಲಿ ಹೊಟ್ಟೆನೋವು ಶುರುವಾಯಿತು, ಆಮೇಲೆ ಆಸ್ಪತ್ರೆ. ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗುತ್ತಿದೆ ಎಂದರು ವೈದ್ಯರು. ಸವಿತಾಳಿಗೆ ಅಜ್ಜಿಯ ತಮಾಷೆ ನೆನಪಾಯಿತು.

ಅದೇ ವಾರ ಕಚೇರಿಯ ಹತ್ತಿರದ ಅಂಗಡಿಯಲ್ಲಿ ಇಂಗು ಕೊಳ್ಳುವಾಗ, ಇದು ಅಪ್ಪಟ ತಾನೇ ಎಂದು ಸುಮ್ಮನೆ ಕೇಳಿದೆ. ಅಂಗಡಿಯವನು ನಕ್ಕ. ಬರೀ ಇಂಗನ್ನು ಯಾರು ತಿನ್ನುತ್ತಾರಮ್ಮ, ಗೋಧಿಹಿಟ್ಟು ಬೆರೆಸಿದರೆ ತಾನೇ ಪುಡಿಯಾಗುವುದು ಎಂದ. ಮನೆಗೆ ಬಂದು ಅಡುಗೆಮನೆಯ ಡಬ್ಬಿ ನೋಡಿದೆ. ಅದರ ಮೇಲೂ ಹಾಗೆಯೇ ಅಚ್ಚಾಗಿತ್ತು. ಎರಡು ಕಡೆ ಖಚಿತವಾದರೆ ಸುದ್ದಿ ಹಾಕಬಹುದು ಎಂಬುದು ನಮ್ಮ ನಿಯಮ. ಎರಡು ಕಡೆಯೂ ಖಚಿತವಾಗಿತ್ತು.

ಮರುದಿನ ಲಿಫ್ಟಿನ ಬಳಿ ಶಿವಮ್ಮ ನನ್ನ ಕೈ ಹಿಡಿದುಕೊಂಡರು.

“ಯವ್ವಾ, ನೀ ಪೇಪರಿನ್ಯಾಕಿ, ನಿನ್ನ ಮಾತು ಕೇಳ್ತಾಳ ಆಕಿ. ನಾ ಕೊಟ್ಟಿಲ್ಲಂತ ಒಂದ್ ಮಾತು ಹೇಳು.”

ಹೇಳುತ್ತೇನೆ ಎಂದೆ. ಆ ಸಂಜೆ ಸವಿತಾ ತಾನಾಗಿಯೇ ಬಂದು, ಅತ್ತೆಯೇ ಕದ್ದು ಚಪಾತಿ ತಿನ್ನಿಸಿರಬೇಕಲ್ಲವೇ ಎಂದು ಕೇಳಿದಳು. ಹೇಳಲು ಬಾಯಿ ತೆರೆದೆ. ಹೇಳಿದರೆ ಅವಳು ಇನ್ನು ನನ್ನ ಕೈಯ ತಿಂಡಿಯನ್ನು ಮಗುವಿಗೆ ಮುಟ್ಟಿಸಲಾರಳು, ಮಗು ನಮ್ಮ ಬಾಗಿಲಿಗೆ ಬರಲಾರದು — ಅಷ್ಟೇ ಕಂಡಿತು ನನಗೆ.

“ವಯಸ್ಸಾದವರು ಸವಿತಾ. ಪ್ರೀತಿಗೆ ಒಂದು ತುತ್ತು ಕೊಟ್ಟಿರಬಹುದು,” ಎಂದೆ.

ಶಿವಮ್ಮ ಭಾನುವಾರ ಬೀದರಿನ ಮಗಳ ಮನೆಗೆ ಹೋದರು. ಹೋಗುವಾಗ ನನ್ನ ಕಡೆ ನೋಡಿದರು — ನಾನು ಹೇಳಿಯೂ ಸೊಸೆ ಕೇಳಲಿಲ್ಲ ಎಂದುಕೊಂಡಿದ್ದರೋ ಏನೋ. ಹಣ್ಣು ಮುಗಿಯಿತು ಎಂದು ನೆಪ ಹೇಳಿ ನಾನು ವಡೆ ನಿಲ್ಲಿಸಿದೆ. ಮಗು ಚೇತರಿಸಿಕೊಂಡಿತು. ಅಜ್ಜಿ ಹೋದ ಮೇಲೆ ಚೇತರಿಸಿಕೊಂಡಿತು ಎಂಬುದೇ ಅವರ ವಿರುದ್ಧ ಸಾಕ್ಷಿಯಾಯಿತು. ಶಿವಮ್ಮ ಮತ್ತೆ ಹೈದರಾಬಾದಿಗೆ ಬರಲಿಲ್ಲ. ಕೆಲವು ವರ್ಷಗಳ ನಂತರ ಅಲ್ಲಿಯೇ ತೀರಿಕೊಂಡರು.

ನಿತ್ಯಾ ಈಗ ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಕೆಲಸದಲ್ಲಿದ್ದಾಳೆ. ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ಮಾತಿನ ನಡುವೆ ಅಜ್ಜಿಯ ಸುದ್ದಿ ಬಂತು. “ಅಮ್ಮನ ಕಣ್ಣು ತಪ್ಪಿಸಿ ಚಪಾತಿ ಕೊಡ್ತಿದ್ಳಂತ ನಮ್ಮಜ್ಜಿ. ಬೆಲ್ಲ-ತುಪ್ಪ ಹಚ್ಚಿ. ಆ ರುಚಿ ನನಗ ಇನ್ನೂ ನೆನಪದರಿ ಆಂಟಿ,” ಎಂದಳು.

ತಿಂದೇ ಇರದ ಚಪಾತಿ.

ಹೊರಡುವಾಗ ಈ ವರ್ಷದ ವಡೆ ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಒಂದನ್ನು ಬಾಯಿಗೆ ಹಾಕಿಕೊಂಡಳು.

“ಮೊದಲಿನಂಗ ಇಲ್ಲರಿ. ಏನೋ ಬಿಟ್ಟೀರಿ.”

ಇಂಗು ಎಂದೆ. ಯಾಕೆ ಎಂದಳು. ಕೂರಿಸಿ, ಇಲ್ಲಿ ಬರೆದದ್ದನ್ನೆಲ್ಲ ಇದೇ ಕ್ರಮದಲ್ಲಿ ಹೇಳಿದೆ. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

“ಅಜ್ಜಿಗೆ ಗೊತ್ತಿತ್ತಾ?”

ಇಲ್ಲ ಎಂದೆ.

ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೋದಳು. ಅದು ಅಲ್ಲೇ ಇದೆ.