ಕಂಪ್ಯೂಟರಿಗೆ ನೀರು ಬಿಟ್ಟರು

ನಮ್ಮ ಪಡಸಾಲೆಯ ಮೂಲೆಯಲ್ಲಿ ಒಂದು ಸತ್ತ ಕಂಪ್ಯೂಟರನ್ನು ವರ್ಷಗಟ್ಟಲೆ ಸಾಕಿಕೊಂಡಿದ್ದೇನೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆಯೆಲ್ಲ ಹೆಂಡತಿ ಗಿರಿಜಾಳ ಪಾಲಿಗೆ. ಬಂದವರು ಅದೇನೆಂದು ಕೇಳಿದರೆ, "ಇವ್ರ ಹಳೇ ಸಂಬಂಧರೀ" ಎಂದು ಚಹಾ ಮಾಡಲು ಒಳಗೆ ಹೋಗಿಬಿಡುತ್ತಾಳೆ.

ಮಾತು ಸುಳ್ಳಲ್ಲ. ತೊಂಬತ್ತರ ದಶಕದಲ್ಲಿ ಸಂಡೂರಿನ ಹತ್ತಿರದ ಯಶವಂತನಗರದ ಗಣಿ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದಾಗ ಆ ಯಂತ್ರ ಬಂತು. ಅದಕ್ಕೆಂದೇ ಗಾಜಿನ ಕೋಣೆ, ಏಸಿ. ನಾವೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರೆ ಅದು ಅಳಿಯದೇವರ ಹಾಗೆ ತಂಪಿನಲ್ಲಿ ಕೂತಿರುತ್ತಿತ್ತು. ಚಪ್ಪಲಿ ಹೊರಗೇ ಬಿಡಬೇಕು. ಮ್ಯಾನೇಜರ್ ಸಾಹೇಬರ ಹರಿದ ಸಾಕ್ಸು ನಮಗೆ ಕಂಡದ್ದು ಅದರ ದಯೆಯಿಂದಲೇ. ಮುಂದೆ ಅದನ್ನು ಗುಜರಿಗೆ ಹಾಕಹೊರಟಾಗ ಕೇಳಿ ಪಡೆದು, ಮನೆ ಬದಲಿಸಿದ ದಿನ ಕಂಪನಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊಸಪೇಟೆಗೆ ತಂದೆ. ಗಿರಿಜಾಳ ತವರಿನ ಟ್ರಂಕು ಬಂದದ್ದು ಬಸ್ಸಿನ ಮೇಲೆ. ಅದನ್ನವಳು ಇನ್ನೂ ಮರೆತಿಲ್ಲ.

ಕೆಲ ದಿನಗಳಲ್ಲೇ ಅದನ್ನು ಎಬ್ಬಿಸುವ ಫ್ಲಾಪಿ ಕೆಟ್ಟಿತು. ಒಳಗೆ ಅದಿರಿನ ಕೆಂಪು ಧೂಳು. ಫ್ಲಾಪಿಯ ಕಂದು ತಟ್ಟೆಗೆ ಬಳಿದಿರುವುದು ಕಬ್ಬಿಣದ ತುಕ್ಕಿನ ಜಾತಿಯ ಪುಡಿ. ಸಂಡೂರಿನ ಗುಡ್ಡದಲ್ಲಿರುವುದೂ ಅದೇ ವಂಶ. ಈ ದಾಯಾದಿ ಜಗಳದಲ್ಲಿ ಕೆಟ್ಟವನು ನಾನು. ಆ ಫ್ಲಾಪಿಯಲ್ಲಿದ್ದ, ಯಂತ್ರ ನಡೆಸುವ ಆಪರೇಟಿಂಗ್ ಸಿಸ್ಟಂ ಅನ್ನು ಅದರ ಕಂಪನಿ ಮಾರುವುದನ್ನು ನಿಲ್ಲಿಸಿತ್ತು, ನಕಲು ಮಾಡಲು ಕಾನೂನು ಅಡ್ಡ. ಇನ್ನೊಮ್ಮೆಯಾದರೂ ಆ ಪರದೆ ಬೆಳಗುವುದನ್ನು ನೋಡಬೇಕೆಂಬ ಆಸೆ ಮಾತ್ರ ನನಗೆ ಹೋಗಲಿಲ್ಲ. ದೀಪಾವಳಿಯ ಸುಣ್ಣಬಣ್ಣಕ್ಕೆ ಮುಂಚೆ ಏಳದಿದ್ದರೆ ಗುಜರಿಗೇ ಎಂದು ಈ ಸಲ ಗಿರಿಜಾ ಗಡುವು ಕೊಟ್ಟಳು.

ಅಷ್ಟರಲ್ಲಿ, ಮಳೆಗಾಲದ ನಡುವೆ, ಸುದ್ದಿ ಬಂತು. ಆ ಹಳೆಯ ಆಪರೇಟಿಂಗ್ ಸಿಸ್ಟಂನ ಮೂಲ ಬರಹವನ್ನೇ, ಅಂದರೆ ಸೋರ್ಸ್ ಕೋಡನ್ನೇ, ಕಂಪನಿ ಎಲ್ಲರಿಗೂ ಬಿಟ್ಟುಕೊಟ್ಟಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

"ಬಿಟ್ರು ಗಿರಿಜಾ, ಬಿಟ್ರು," ಎಂದೆ.

ಆಕೆ ಕಂಪ್ಲಿಯ ಗದ್ದೆಯವರ ಮಗಳು. ಅಲ್ಲಿ 'ಬಿಟ್ಟರು' ಎಂದರೆ ಡ್ಯಾಮಿನಿಂದ ನೀರು, ಬೇರೇನೂ ಅಲ್ಲ.

"ಯಾವ ಕಾಲುವಿಗ್ರೀ? ಅಣ್ಣಗ ಫೋನ್ ಹಚ್ತೀನಿ, ಜಲ್ದಿ ನಾಟಿಗೆ ಆಳು ನೋಡ್ಲಿ."

ನಕ್ಕು ವಿಷಯ ಹೇಳಿದೆ. ಆಮೇಲೆ ಯೋಚಿಸಿದರೆ ಆಕೆ ಕೇಳಿಸಿಕೊಂಡದ್ದೇ ಸರಿ. ತೂಬು ತೆರೆದರೆ ಕಾಲುವೆಯ ಕೊನೆಯ ಹೊಲಕ್ಕೂ ಪಾಲುಂಟು. ನನ್ನಂಥ ಹಳೇ ಯಂತ್ರದ ಹುಚ್ಚರು ಎಲ್ಲೆಲ್ಲೋ ಕೂತು ಆ ಬರಹವನ್ನು ತಿದ್ದಿ, ಹಳೇ ಡಬ್ಬಗಳಿಗೆ ಹೊಂದಿಸಿ ಹಂಚುತ್ತಿದ್ದರು.

ಹಾಗೆ ತಿದ್ದಿದ ಒಂದು ಪ್ರತಿಯನ್ನು ಬೇರೆ ಫ್ಲಾಪಿಗೆ ಇಳಿಸಿಕೊಂಡು, ಧೂಳು ಒರೆಸಿದ ಯಂತ್ರದ ಬಾಯಿಗಿಟ್ಟೆ. ಗಿರಿಜಾ ಸೆರಗಿಗೆ ಕೈ ಒರೆಸುತ್ತ ಬಂದು ನಿಂತಳು. ಒಳಗೆ ಗರಗರ ಸದ್ದಾಯಿತು. ಹಸಿರು ಅಕ್ಷರಗಳು ಮೂಡಿದಾಗ ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಗಡಿಯಾರ ಕೆಟ್ಟ ಆ ಯಂತ್ರ ಎಂಬತ್ತನೇ ಇಸವಿಯ ಮೊದಲ ದಿನವನ್ನು ತೋರಿಸಿ, ಇವತ್ತಿನ ತಾರೀಖು ಯಾವುದೆಂದು ಕೇಳಿತು. ಏನೂ ಬರೆಯದೆ ಒಂದು ಕೀಲಿ ಒತ್ತಿದರೆ ಅಲ್ಲೇ ಉಳಿಯಬಹುದು. ತಲೆತುಂಬ ಕೂದಲಿದ್ದ ಕಾಲ. ಭಾಳ ಆಸೆಯಾಯಿತು. ಬೆರಳು ಕೀಲಿಯ ಮೇಲೇ ನಿಂತಿತು.

"ಇವತ್ತಿಂದು ಹಾಕ್ರಿ," ಎಂದಳು ಗಿರಿಜಾ. "ಎಂಬತ್ತರಾಗ ನಾ ಇನ್ನೂ ನಿಮ್ಮನ್ನ ನೋಡೇ ಇರ್ಲಿಲ್ಲ."

ಇವತ್ತಿನ ತಾರೀಖೇ ಹಾಕಿದೆ.