ಟೇಪಕ್ಕ ಬಿಚ್ಚಿ ಹೊಲಿದ ಬೈಕು

ವಯಸ್ಸು ನಲವತ್ತೈದರ ಆಸುಪಾಸು. ಆಳು ಗಿಡ್ಡ, ನಡಿಗೆ ಚುರುಕು. ಕೊರಳಲ್ಲಿ ಸರ ಇರಬೇಕಾದ ಜಾಗದಲ್ಲಿ ಅಳತೆಯ ಟೇಪು, ಕಿವಿಯ ಹಿಂದೆ ಸೀಮೆಸುಣ್ಣದ ತುಂಡು, ತೋಳಿನ ತುಂಬ ದಾರದ ಚೂರು. ಬೈಕಿನ ಬಿಡಿಭಾಗ ಮಾರುವ ಅಂಗಡಿಗೆ ಇಂಥವರು ಬರುವುದು ವಿಳಾಸ ಕೇಳಲಿಕ್ಕೆ. ಕೈ ತೋರಿಸಿ ಕಳಿಸಿದರಾಯಿತು. ಇಪ್ಪತ್ತು ವರ್ಷ ಗಲ್ಲಾದ ಹಿಂದೆ ಪಳಗಿದ ನಮ್ಮ ಕಣ್ಣು ಅವಳಿಗೆ ಕಟ್ಟಿದ ಬೆಲೆ ಅಷ್ಟೇ. ಕಟ್ಟಿದ್ದು ತಪ್ಪು. ಅವಳು ಕರವಸ್ತ್ರ ಬಿಚ್ಚಿ ಮುರಿದ ಕ್ಲಚ್ ಹಿಡಿಕೆಯೊಂದನ್ನು ಮುಂದಿಟ್ಟು, ಅಂಗಿಗೆ ಜೋಡಿ ಗುಂಡಿ ಕೇಳುವವಳ ಹಾಗೆ, "ಇದೇ ಥರದ್ದು ಒಂದು ಕೊಡಿ ಅಣ್ಣ," ಎಂದಳು.

ಬೀದಿಯವರೆಲ್ಲ ಅವಳನ್ನು ಕರೆಯುವುದು ಟೇಪಕ್ಕ ಎಂದೇ. ಗಂಡ ಬೇಕರಿಯಿಂದ ಬೈಕಿನಲ್ಲಿ ಬ್ರೆಡ್ಡು ಹೊತ್ತು ತನ್ನ ಲೈನಿನ ಅಂಗಡಿ ಅಂಗಡಿಗೆ ಹಾಕುವವನು. ನಾಯಿಯೊಂದನ್ನು ಉಳಿಸಲು ಹೋಗಿ, ನಿಂತಿದ್ದ ಲಾರಿಯ ಬೆನ್ನಿಗೆ ಬೈಕು ಗುದ್ದಿ, ಭುಜದ ಮೂಳೆ ಮುರಿದುಕೊಂಡಿದ್ದ. ನಾಯಿಗೇನೂ ಆಗಲಿಲ್ಲ, ಮರುದಿನ ಅದೇ ಲಾರಿಯ ನೆರಳಲ್ಲಿ ಕಾಲು ಚಾಚಿ ಮಲಗಿತ್ತು. ಬೇಕರಿಯ ಯಜಮಾನ ಮನೆಗೆ ಬಂದು, ಬೇಕಾದಷ್ಟು ಮರುಗಿ, ಎದ್ದು ಹೊರಡುವಾಗ ಹೇಳಿದ: "ಆರು ವಾರ ನಿನ್ನ ಲೈನು ಹಾಗೇ ಇಟ್ಟಿರ್ತೀನಪ್ಪ. ಏಳನೇ ವಾರ ಸೋಮವಾರ ನೀನೂ ನಿನ್ನ ಗಾಡೀನೂ ಬರದಿದ್ರೆ, ನನ್ನ ಭಾಮೈದ ತುದಿಗಾಲಲ್ಲಿ ನಿಂತಿದಾನೆ."

ಮೂಳೆ ಆರು ವಾರದಲ್ಲಿ ಕೂಡುತ್ತದೆ ಎಂದು ಡಾಕ್ಟರು ಒಪ್ಪಿಕೊಂಡರು. ಗ್ಯಾರೇಜಿನವನು ಮಾತ್ರ ಒಪ್ಪಲಿಲ್ಲ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಮೂರು ತಿಂಗಳು ಬಿಟ್ಟು ಬನ್ನಿ," ಎಂದುಬಿಟ್ಟ.

"ಮೂರು ತಿಂಗಳಾ? ಬಿಚ್ಚೋದು, ಜೋಡಿಸೋದು ತಾನೆ? ನಾನು ದಿನಾ ಮಾಡ್ತಿರೋದು ಇನ್ನೇನು?" ಎಂದಳು ಟೇಪಕ್ಕ. ಸಂಜೆಯೊಳಗೆ ಬೈಕು ಅವಳ ಮುಂದಿನ ಕೋಣೆಗೆ ಬಂದು, ಹೊಲಿಗೆ ಯಂತ್ರಕ್ಕೂ ಗಾಜು ಹಾಸಿದ ಕತ್ತರಿಸುವ ಮೇಜಿಗೂ ನಡುವೆ ಒರಗಿ ನಿಂತಿತು.

"ಸೊಸೇನ ತಂದ್ವಿ ಅಂದ್ಕೊಂಡಿದ್ದೆ, ಗ್ಯಾರೇಜೇ ಬಂದು ಕೂತಿದೆ," ಎಂದರು ಅತ್ತೆ.

"ಗ್ಯಾರೇಜಾದ್ರೆ ಕಾಲು ಎತ್ತಿ ಕೂತ್ಕೊಳ್ಳಿ ಅತ್ತೆ, ಎಣ್ಣೆ ಇದೆ."

ಅವಳು ಕಲಿತ ವಿದ್ಯೆ ಒಂದೇ. ಅದನ್ನೇ ಗಾಡಿಯ ಮೇಲೂ ಪ್ರಯೋಗಿಸಿದಳು. ಹಳೆಯ ಹಾಸಿಗೆ ಹೊದಿಕೆಯನ್ನು ನೆಲಕ್ಕೆ ಹಾಸಿ, ಬಿಚ್ಚಿದ ಒಂದೊಂದು ಭಾಗವನ್ನೂ ಅದರ ಮೇಲಿಟ್ಟು, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಳು. ಒಂದೊಂದು ನಟ್ಟಿಗೂ ದಾರ ಕಟ್ಟಿ ಚೀಟಿ ತೂಗಿಸಿದಳು. ಚೀಟಿಯಲ್ಲಿ ಬರೆದದ್ದು ಅವಳ ಭಾಷೆ: ಎಡ ತೋಳು, ಬಲ ತೋಳು, ಕಾಲರು, ಸೊಂಟ. ಜೋಡಿಸುವಾಗಲೂ ಅಷ್ಟೆ. ಮೊದಲು ಎಲ್ಲ ಬೋಲ್ಟನ್ನೂ ಕೈಯಲ್ಲಿ ಸಡಿಲವಾಗಿ ತಿರುಗಿಸಿ ಕಚ್ಚಾ ಹೊಲಿಗೆ. ಎಲ್ಲ ಸರಿಯಾಗಿ ಕೂತ ಮೇಲೆ ಸ್ಪ್ಯಾನರಿನಿಂದ ಪಕ್ಕಾ ಹೊಲಿಗೆ. ಗ್ಯಾರೇಜಿನವನು ಒಮ್ಮೆ ಬಂದು ಇಣುಕಿದ. ನಗಬೇಕೆಂದೇ ಬಂದಿದ್ದ, ಚೀಟಿಯನ್ನೆಲ್ಲ ಒಂದೊಂದಾಗಿ ಓದಿ ಹೊರಟುಹೋದ.

ಮೂರನೇ ವಾರ ಅವಳು ಮತ್ತೆ ಅಂಗಡಿಗೆ ಬಂದು, "ಎಡ ತೋಳಿಗೆ ಒಂದು ಕೊಳವೆ," ಎಂದಳು. ಮುಂಚಕ್ರವನ್ನು ಎರಡೂ ಕಡೆಯಿಂದ ಹಿಡಿಯುವ ಕೊಳವೆಗಳಲ್ಲಿ ಎಡಗಡೆಯದು ಬಾಗಿತ್ತು. ಆ ಮಾದರಿಗೆ ಹೊಸದು ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಹಿಂದಿನ ರಾಶಿಯಿಂದ ಹಳೆಯದೊಂದನ್ನು ಎಳೆದು, ಧೂಳು ಒರೆಸಿ, "ಹೊಸದಕ್ಕಿಂತ ನೆಟ್ಟಗಿದೆ ಅಕ್ಕ, ಕಣ್ಣು ಮುಚ್ಚಿ ಹಾಕಿ," ಎಂದು ಕೊಟ್ಟಿದ್ದಾಯಿತು. ಕೊಟ್ಟವರೂ ಕಣ್ಣು ಮುಚ್ಚಿಯೇ ಕೊಟ್ಟಿದ್ದು.

ಐದನೇ ವಾರದ ಮಂಗಳವಾರ ಗಾಡಿ ಎದ್ದು ನಿಂತಿತು. ಓಡಿಸಿ ನೋಡಲು ಗಂಡನಿಗೆ ಕೈಯಿಲ್ಲ. ಟೇಪಕ್ಕನೇ ಹತ್ತಿದಳು. ಅವಳಿಗಿದ್ದದ್ದು ಹಿಂದೆ ಕೂತ ಹದಿನೆಂಟು ವರ್ಷದ ಅನುಭವ. ಗಾಡಿ ಮೊದಲ ಗೇರಿನಲ್ಲಿ ಗುರುಗುಟ್ಟುತ್ತ ಹೊರಟು, ಎಡಕ್ಕೆ ಎಳೆದು, ಎದುರುಮನೆಯ ಗೇಟಿಗೆ ಮುತ್ತಿಟ್ಟಿತು.

"ಗಾಡಿ ಎಳೀತಾ ಇದೆ," ಎಂದಳು.

"ಗಾಡಿ ಅಲ್ಲ ಕಣೇ, ನೀನು," ಎಂದ ಗಂಡ, ಕಟ್ಟಿದ ಕೈಯನ್ನು ಇನ್ನೊಂದರಿಂದ ಹಿಡಿದುಕೊಂಡು ನಗುತ್ತ.

ಅವಳು ಬಿಚ್ಚಿದಳು, ಜೋಡಿಸಿದಳು. ಮತ್ತೆ ಎಡಕ್ಕೆ. ಅಂಗಿಯ ಒಂದು ತೋಳು ಕುಗ್ಗಿದಾಗ ಇನ್ನೊಂದನ್ನು ಅರ್ಧ ಬೆರಳು ಹಿಡಿದು ಹೊಲಿದರೆ ಕಣ್ಣಿಗೆ ಸಮ ಕಾಣುತ್ತದೆ. ಹಾಗೆಯೇ ಹ್ಯಾಂಡಲ್ಲನ್ನು ಬಲಕ್ಕೆ ಅರ್ಧ ಬೆರಳು ತಿರುಗಿಸಿ ಬಿಗಿದಳು. ನಿಂತ ಗಾಡಿ ಸೊಗಸಾಗಿ ಕಂಡಿತು. ಓಡಿದ್ದು ಮಾತ್ರ ಗೇಟಿನ ಕಡೆಗೇ. ಗಂಡನ ನಗು ಅಲ್ಲಿಗೆ ನಿಂತಿತು. "ಬಿಟ್ಬಿಡು. ಇದರ ಮೇಲೆ ನಾನು ಕೂರೋದಿಲ್ಲ. ಲೈನು ಹೋದ್ರೆ ಹೋಗಲಿ," ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಹೀಗೆ ಬಿಚ್ಚಿ ಜೋಡಿಸುವುದರಲ್ಲಿ ಒಂಬತ್ತು ದಿನ ಹೋಗಿತ್ತು. ಸೋಮವಾರಕ್ಕೆ ಉಳಿದದ್ದು ಮೂರೇ.

ಶುಕ್ರವಾರ ಬೆಳಿಗ್ಗೆ ಗಿರಾಕಿಯೊಬ್ಬರ ಕೋಟು ಕತ್ತರಿಸಲು ಕೂತವಳು ಅಭ್ಯಾಸದಂತೆ ಬಟ್ಟೆಯನ್ನು ಮೊದಲು ಬೆಳಕಿಗೆ ಹಿಡಿದು ನೋಡಿದಳು. ಕೈ ಅಲ್ಲಿಯೇ ನಿಂತಿತು. ಗಾಡಿಯ ಅಳತೆ ನೋಡಿದ್ದಾಯಿತು, ಹೊಲಿಗೆ ನೋಡಿದ್ದಾಯಿತು. ಬಟ್ಟೆಯನ್ನು ನೋಡಿಯೇ ಇರಲಿಲ್ಲ! ಅಂಗಡಿಯವರ ಮಾತು ನಂಬಿ ನೋಡದೆ ಹೊಲಿಯಲು ಕೂತದ್ದು ಬದುಕಿನಲ್ಲಿ ಅದೇ ಮೊದಲು. ಕೋಟನ್ನು ಪಕ್ಕಕ್ಕೆ ತಳ್ಳಿ, ಎಡ ಕೊಳವೆಯನ್ನು ಬಿಚ್ಚಿ, ಮೇಜಿನ ಗಾಜಿನ ಮೇಲೆ ಉರುಳಿಸಿದಳು. ಅದು ನಡೆಯಲಿಲ್ಲ, ಕುಂಟಿತು. ಪ್ರತಿ ಸುತ್ತಿಗೂ ಕೆಳಗಿನಿಂದ ಬೆಳಕು ಇಣುಕಿತು.

ಅದನ್ನು ಹಿಡಿದು ಅವಳು ಬಂದಾಗ ನಮ್ಮ ಅಂಗಡಿಯಲ್ಲಿ ಆರೇಳು ಗಿರಾಕಿಗಳಿದ್ದರು. ಕೂಗಿದ್ದರೆ ಎಲ್ಲರಿಗೂ ಕೇಳುತ್ತಿತ್ತು, ನ್ಯಾಯವೂ ಅವಳ ಕಡೆಗಿತ್ತು. ಅವಳು ಕೂಗಲಿಲ್ಲ. ಕೊಳವೆಯನ್ನು ಗಲ್ಲಾದ ಗಾಜಿನ ಮೇಲೆ ಮೆತ್ತಗೆ ಉರುಳಿಸಿ, ಅದು ಕುಂಟುತ್ತ ಹೋದದ್ದನ್ನು ನೋಡಿ, "ಅಣ್ಣ, ಕಣ್ಣು ಬಿಟ್ಟು ಇನ್ನೊಂದು ಕೊಡ್ತೀರಾ?" ಎಂದಳು. ರಾಶಿಯಲ್ಲಿದ್ದ ಏಳು ಕೊಳವೆಯೂ ಹೊರಬಂದವು. ಏಳನ್ನೂ ಉರುಳಿಸಿ, ಆರನೆಯದನ್ನು ಎತ್ತಿಕೊಂಡು ಹೋದಳು.

ಸೋಮವಾರ ಬೆಳಗಾಗುತ್ತಿದ್ದ ಹಾಗೆ ಗಂಡ ಗಾಡಿಯ ಮೇಲೆ ಕೂತ. ಸ್ಟಾರ್ಟ್ ಮಾಡಿದ. ಹೊರಡಲಿಲ್ಲ.

"ಎಳೆದ್ರೆ?"

"ಎಳೆದ್ರೆ ವಾಪಸ್ ಬನ್ನಿ, ಸೊಂಟದ ಹತ್ರ ಸ್ವಲ್ಪ ಹಿಡಿದು ಕೊಡ್ತೀನಿ. ಈಗ ಹೊರಡ್ರೀ, ಭಾಮೈದ ಹಲ್ಲುಜ್ಜಿರ್ತಾನೆ."

ಗಾಡಿ ಎದುರುಮನೆಯ ಗೇಟನ್ನು ಕಣ್ಣೆತ್ತಿಯೂ ನೋಡದೆ ನೆಟ್ಟಗೆ ಹೋಯಿತು. ಶಬ್ದ ತಿರುವು ದಾಟುವವರೆಗೆ ಟೇಪಕ್ಕ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಕೋಟು ಕತ್ತರಿಸಿದಳು.

ಲೈನು ಉಳಿಯಿತು. ಬ್ರೆಡ್ಡು ಹಾಕುವ ಪ್ರತಿ ಅಂಗಡಿಯಲ್ಲೂ ಗಂಡ ಈಗ ಹೇಳಿಕೊಂಡು ನಗುತ್ತಾನೆ: "ನನ್ನ ಹೆಂಡತಿ ಮೂರು ಸಲ ಗಾಡೀನ ಸೊಟ್ಟ ಹೊಲಿದ್ಲು ಸ್ವಾಮಿ, ನಾಲ್ಕನೇ ಸಲಕ್ಕೆ ಕೈ ಕೂತ್ಕೊಂಡ್ತು." ಅತ್ತೆ ಬಂದವರಿಗೆಲ್ಲ ಗೇಟಿನ ಕಥೆ ಹೇಳುತ್ತಾರೆ. ಟೇಪಕ್ಕ ಹಲ್ಲಿನಿಂದ ದಾರ ಕಡಿದು ಮುಂದಿನ ಹೊಲಿಗೆಗೆ ಕೈ ಹಾಕುತ್ತಾಳೆ. ಸೊಟ್ಟ ಇದ್ದದ್ದು ಎಲ್ಲಿಂದ ಬಂತೆಂದು ಮನೆಯಲ್ಲಿ ಇಂದಿಗೂ ಬಾಯಿಬಿಟ್ಟಿಲ್ಲ. ಆ ಒಂಬತ್ತು ದಿನದ ತಪ್ಪು ಅವಳ ಕೈಯದಲ್ಲ, ನನ್ನದು. ಅದನ್ನು ಅವಳ ಗಂಡ ಮತ್ತು ಅತ್ತೆಯ ಎದುರು ನಿಂತು ಹೇಳುವುದು ನಾನು ಅವಳಿಗೆ ಕೊಡಬೇಕಾದದ್ದು, ಇನ್ನೂ ಕೊಟ್ಟಿಲ್ಲ.